ಸ್ಯಾಂಟ್ರೋ ಕೈಕೊಟ್ಟಿತು, 3 ಲಕ್ಷ ನಗದಿಗೆ ಇನ್ನೊಂದು ಹಳೇ ಕಾರು ಸಿಕ್ಕೀತಾ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಮ್ಮ 2008ರ ಸ್ಯಾಂಟ್ರೋ ಹೋದ ಭಾನುವಾರ ಆಗುಂಬೆ ಘಾಟಿಯಲ್ಲಿ ಕೊನೆಯುಸಿರೆಳೆಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಅಪ್ಪನನ್ನು ತೋರಿಸಿಕೊಂಡು ವಾಪಸ್ ಬರ್ತಿದ್ದೆವು. ಮುಕ್ಕಾಲು ಘಾಟಿ ಹತ್ತಿದ ಮೇಲೆ ಟೆಂಪರೇಚರ್ ಮುಳ್ಳು ಮೇಲೆ ಹೋಯ್ತು, ಬಾನೆಟ್ ಸಂದಿಯಿಂದ ಹಬೆ ಬಂತು, ನಿಂತಿತು. ಅಪ್ಪನನ್ನು ರಸ್ತೆ ಬದಿಯ ಕಟ್ಟೆ ಮೇಲೆ ಕೂರಿಸಿ, ಮಂಗಗಳು ಔಷಧಿ ಚೀಲ ಎಳೆದುಕೊಂಡು ಹೋಗದ ಹಾಗೆ ಕಾಯುತ್ತಾ ಎರಡು ಗಂಟೆ ಕಳೆದೆವು. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಕೂಡ ಬೆಂಡ್ ಆಗಿದೆ ಅಂತ ಮೆಕ್ಯಾನಿಕ್ ಹೇಳ್ತಿದ್ದಾರೆ. ಖರ್ಚು 35ರಿಂದ 40 ಸಾವಿರವಂತೆ. 15 ವರ್ಷ ತುಂಬಿದಾಗ 5,000 ಫೀಸು, ಮೇಲೆ ಗ್ರೀನ್ ಟ್ಯಾಕ್ಸ್ ಕಟ್ಟಿ ಆರ್‌ಸಿ ರಿನ್ಯೂ ಮಾಡಿಸಿದ್ದೆ. "ಇನ್ನೂ ಎಫ್‌ಸಿ ಇದೆಯಲ್ಲೋ" ಅಂತ ಅಪ್ಪ ದಿನಕ್ಕೊಮ್ಮೆ ಹೇಳ್ತಾರೆ. ನನಗೆ ಮಾತ್ರ ಸಾಕಾಗಿದೆ.

ಚೀಟಿ ಎತ್ತಿದ್ದು, ಅಲ್ಲಿ ಇಲ್ಲಿ ಕೂಡಿಟ್ಟಿದ್ದು ಎಲ್ಲ ಸೇರಿ ಕೈಯಲ್ಲಿ 3 ಲಕ್ಷ ನಗದಿದೆ. ಮನೆ ಸಾಲದ ಕಂತು ಇರೋದ್ರಿಂದ ಕಾರಿಗೆ ಮತ್ತೊಂದು ಕಂತು ಬೇಡ. ದಿನಕ್ಕೆ ಶಾಲೆಗೆ 12 ಕಿ.ಮೀ. ಓಡಾಟ, ತಿಂಗಳಿಗೊಮ್ಮೆ ಮಣಿಪಾಲ, ಹೋಗಿ ಬರಲು ಹೆಚ್ಚುಕಡಿಮೆ 300 ಕಿ.ಮೀ. ಅಪ್ಪನಿಗೆ ಮಂಡಿ ಆಪರೇಷನ್ ಆಗಿದೆ, ತಗ್ಗಿನ ಸೀಟಿಗೆ ಇಳಿದು ಕೂರೋದು, ಎದ್ದು ಬರೋದು ಎರಡೂ ಕಷ್ಟ. ಸ್ವಿಫ್ಟ್, ರಿಟ್ಜ್, ವ್ಯಾಗನ್ ಆರ್, ಐ10, ಫಿಗೋ ನೋಡ್ತಿದ್ದೇನೆ. ಪೂರ್ತಿ ಕ್ಯಾಶ್ ಕೈಯಲ್ಲಿರೋದ್ರಿಂದ ಚೌಕಾಸಿಗೆ ಬಲ ಇರುತ್ತೆ ಅಂದುಕೊಂಡಿದ್ದೇನೆ. ಹೇಳಿ.

ಪಾನಾ ಹಿಡಿದಾಂವ (ಹುಬ್ಬಳ್ಳಿ)

ಸರ, ಮೊದಲ ಒಂದ್ ಮಾತ್. 3 ಲಕ್ಷ ಐತಿ ಅಂತ 3 ಲಕ್ಷದ ಗಾಡಿ ನೋಡಾಕ ಹೋಗಬ್ಯಾಡ್ರಿ. ಎರಡೂವರಿ ಲಕ್ಷದ್ದು ನೋಡ್ರಿ. ಉಳಿದ 50 ಸಾವಿರ ಡಬ್ಬಿಯೊಳಗ ಇಡ್ರಿ. ನನ್ನ ಗ್ಯಾರೇಜಿಗೆ ಹಳೇ ಗಾಡಿ ತಗೊಂಡು ಬಂದಾವರೆಲ್ಲಾ ಒಂದ ತಿಂಗಳದಾಗ ಬರ್ತಾರ: ಟೈರ್, ಬ್ಯಾಟರಿ, ಸಸ್ಪೆನ್ಷನ್ ಬುಶ್, ಆಯಿಲ್, ಕೂಲಂಟ್, ಎಲ್ಲಾ ಒಮ್ಮೆಲೆ. ಅವಾಗ ರೊಕ್ಕ ಇರಂಗಿಲ್ಲ, ನನ್ನ ಮಾರಿ ನೋಡ್ಕೊಂಡು ಕುಂದರ್ತಾರ.

ಅಪ್ಪಾರ ಮಂಡಿ ಸಲುವಾಗಿ ಸ್ವಿಫ್ಟ್ ಬಿಡ್ರಿ, ಸೀಟ್ ಭಾಳ ತಗ್ಗ. ವ್ಯಾಗನ್ ಆರ್ ಇಲ್ಲಾ ರಿಟ್ಜ್. ಎರಡಕ್ಕೂ ಕೆ ಸೀರೀಸ್ ಪೆಟ್ರೋಲ್ ಎಂಜಿನ್, ಟೈಮಿಂಗ್ ಚೈನ್ ಇರ್ತದ, ಬೆಲ್ಟಿನಂಗ ಆಗಾಗ ಬದಲಿ ಮಾಡೂದಿಲ್ಲ. ಐ10 ನೋಡೋದಾದ್ರ 1.1 ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಅದ, ಯಾವಾಗ ಬದಲಿ ಮಾಡ್ಯಾರ ಅಂತ ಬಿಲ್ ಕೇಳ್ರಿ. ಬಿಲ್ ಇಲ್ಲಂದ್ರ ಮಾಡಿಲ್ಲ ಅಂತನ ಲೆಕ್ಕ.

ಉಡುಪಿಯವ

ಫಿಗೋ ಓಡಿಸ್ಲಿಕ್ಕೆ ಚಂದ ಮಾರ್ರೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡೋದೇ ನಿಲ್ಲಿಸ್ತೇವೆ ಅಂತ ಹೇಳಿ ಆಯ್ತು. ಸರ್ವೀಸ್ ಸಿಗ್ತದೆ, ಪಾರ್ಟ್‌ಗೆ ಕಾಯ್ಬೇಕು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ಗಾಡಿ ಕಾಯ್ತಾ ನಿಂತ್ರೆ ಆಗ್ತದಾ? ಷೆವರ್ಲೆ ಅಂತೂ ಕಡಿಮೆಗೆ ಕೊಡ್ತೇವೆ ಅಂದ್ರೂ ಬೇಡ, ಅವರು 2017ಕ್ಕೇ ಬಾಗಿಲು ಹಾಕಿದ್ದು.

ಇನ್ನೊಂದು, ನಮ್ಮ ಕಡೆಯ ಗಾಡಿ ನೋಡುವುದಿದ್ರೆ ಅಡಿಗೆ ಬಗ್ಗಿ ನೋಡಿ. ಕಡಲ ಗಾಳಿಗೆ ಸೈಲೆನ್ಸರ್, ವೀಲ್ ಆರ್ಚ್, ಬಾಗಿಲಿನ ಕೆಳಗಿನ ಅಂಚು ತಿಂದು ಹೋಗಿರ್ತದೆ. ಮೇಲೆ ಪಾಲಿಶ್ ಫಳಫಳ.

ಲೆಕ್ಕದವ (ಮೈಸೂರು)

"ಪೂರ್ತಿ ಕ್ಯಾಶ್" ಅನ್ನೋ ಕಡೆ ಸ್ವಲ್ಪ ನಿಲ್ಲಿ. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋ ಹಾಗಿಲ್ಲ. ಇವತ್ತು ಒಂದೂವರೆ, ನಾಳೆ ಒಂದು ಅಂತ ಒಡೆದು ಕೊಟ್ಟರೂ ವ್ಯವಹಾರ ಒಂದೇ ತಾನೆ, ನಿಯಮ ಮುರಿದ ಹಾಗೇ. ತಗೊಂಡವರಿಗೆ ತಗೊಂಡಷ್ಟೇ ಮೊತ್ತದ ದಂಡ ಬೀಳಬಹುದು. ಕೊಟ್ಟವರಿಗೆ ದಂಡ ಇಲ್ಲ ನಿಜ. ಆದರೆ ನಾಳೆ ತಕರಾರು ಬಂದರೆ ಕೊಟ್ಟದ್ದಕ್ಕೆ ಸಾಕ್ಷಿ ಎಲ್ಲಿದೆ? ಚೀಟಿ ಹಣ ಮೊದಲು ನಿಮ್ಮ ಖಾತೆಗೆ ಹೋಗಲಿ, ಅಲ್ಲಿಂದ ಆರ್‌ಟಿಜಿಎಸ್ ಮಾಡಿ.

ಚೌಕಾಸಿಗೆ ಬಲ ಕೊಡೋದು ನೋಟಿನ ಕಟ್ಟಲ್ಲ. "ಸಾಲ ಮಂಜೂರಾಗಲಿ ಅಂತ ಕಾಯಬೇಕಿಲ್ಲ, ಕಾಗದ ಸರಿ ಇದ್ದರೆ ಇವತ್ತೇ ವರ್ಗಾವಣೆ" ಅನ್ನೋ ಮಾತು ಕೊಡುತ್ತೆ.

ವೀಕೆಂಡ್ ಸವಾರ (ಬೆಂಗಳೂರು)

ಎಲ್ಲರೂ ಪೆಟ್ರೋಲ್ ಅಂತಿದ್ದೀರಿ. ಗುರುಗಳೇ, ಡೆಲ್ಲಿ ಗಾಡಿ ನೋಡಿ. ಅಲ್ಲಿ 10 ವರ್ಷದ ಡೀಸೆಲ್‌ಗೆ ನಿರ್ಬಂಧ ಅಂತ ಚಿಲ್ಲರೆ ರೇಟಿಗೆ ಬಿಡ್ತಾರೆ. ನಮ್ಮ ಫ್ರೆಂಡ್ ಒಬ್ಬ ಡಿಸೈರ್ ಡೀಸೆಲ್ ಒಂದೂವರೆ ಲಕ್ಷಕ್ಕೆ ತಂದ. ಘಾಟಿಯಲ್ಲಿ ಟಾರ್ಕ್, ಅಂದ್ರೆ ಎಳೆಯೋ ಶಕ್ತಿ ಬೇಕು ಸರ್!

ಲೆಕ್ಕದವ (ಮೈಸೂರು)

ನಿಮ್ಮ ಫ್ರೆಂಡ್ ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಿದ್ರಾ? ಅಲ್ಲಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತಂದು ಕೆಎ ನಂಬರ್ ಮಾಡಿಸಿದ್ರಾ? ಈ ತೆರಿಗೆಯಲ್ಲಿ ನಮ್ಮದು ದೇಶದಲ್ಲೇ ದುಬಾರಿ ರಾಜ್ಯಗಳಲ್ಲಿ ಒಂದು. ಅದನ್ನೂ ಕೂಡಿಸಿ ಹೇಳಿ.

ವೀಕೆಂಡ್ ಸವಾರ (ಬೆಂಗಳೂರು)

ಅದು... ಇನ್ನೂ ಡೆಲ್ಲಿಯ ಡಿಎಲ್ ನಂಬರಲ್ಲೇ ಓಡಿಸ್ತಿದ್ದಾನೆ. 😅

ಪಾನಾ ಹಿಡಿದಾಂವ (ಹುಬ್ಬಳ್ಳಿ)

ದಿನಾ 12 ಕಿ.ಮೀ. ಓಡೋ ಗಾಡಿಗೆ ಡೀಸೆಲ್ ಯಾಕ್ರಿ? ಇಂಜೆಕ್ಟರ್, ಟರ್ಬೊ ಹೋದ್ರ ಡಬ್ಬಿಯೊಳಗಿನ 50 ಸಾವಿರ ಒಂದ ಸಲಕ್ಕ ಖಾಲಿ. ಆಗುಂಬಿ ತಿಂಗಳಿಗೊಮ್ಮೆ, ಸೆಕೆಂಡ್ ಗೇರ್ ಹಾಕ್ರಿ, ಎಸಿ ಬಂದ್ ಮಾಡ್ರಿ, ಯಾವ ಗಾಡಿನೂ ಹತ್ತತೈತಿ.

ಕಾಫಿಸೀಮೆ (ಚಿಕ್ಕಮಗಳೂರು)

ನನಗಾದ ಅನುಭವ ಹೇಳ್ತೀನಿ, ನೀವಾದರೂ ಬಚಾವಾಗಿ. ಮೂರು ವರ್ಷದ ಹಿಂದೆ ಒಬ್ಬ ಮಧ್ಯವರ್ತಿ ಮೂಲಕ ಬಿಳಿ ಎಟಿಯೋಸ್ ತಗೊಂಡೆ. ಮೀಟರ್ 62,000. ಒಳಗೆ ಹೊಸ ಸೀಟ್ ಕವರ್, ಹೊಸ ಮ್ಯಾಟ್, ಮಲ್ಲಿಗೆ ವಾಸನೆ. ಹಾಸನ ದಾಟಿ ಹೈವೇಗೆ ಹತ್ತಿದೆ, ಎಷ್ಟು ಒತ್ತಿದರೂ 80 ದಾಟಲ್ಲ. ಇಂಧನ ಸರಿಯಾಗಿ ಬರ್ತಿಲ್ಲ ಅಂದುಕೊಂಡು ಗ್ಯಾರೇಜಿಗೆ ಬಿಟ್ಟರೆ, ಟ್ಯಾಕ್ಸಿಗಳ ವೇಗ 80 ದಾಟದ ಹಾಗೆ ತಡೆಯೋ ಸ್ಪೀಡ್ ಗವರ್ನರ್ ವೈರ್ ಹಾಗೇ ಇದೆ ಅಂದರು! ಹಳದಿ ಬೋರ್ಡ್ ಟ್ಯಾಕ್ಸಿ ಆಗಿದ್ದದ್ದನ್ನು ಬಿಳಿ ಬೋರ್ಡ್ ಮಾಡಿದ್ದಾರೆ. ಹಾಗೆ ಮಾಡೋದು ಕಾನೂನುಬಾಹಿರ ಅಲ್ಲ, ನನ್ನಿಂದ ಮುಚ್ಚಿಟ್ಟದ್ದು ಮೋಸ. ಹೊಸ ಸೀಟ್ ಕವರ್ ಎತ್ತಿ ನೋಡಿದರೆ ಡ್ರೈವರ್ ಸೀಟಿನ ಬಲ ಅಂಚು ಸವೆದು ಸ್ಪಂಜು ಈಚೆ ಬಂದಿತ್ತು. 62 ಸಾವಿರಕ್ಕೆ ಹಾಗಾಗಲ್ಲ. ಅವತ್ತಿಂದ ನಾನು ಮೀಟರ್ ನೋಡೋದು ಬಿಟ್ಟೆ. ಬ್ರೇಕ್ ಪೆಡಲ್ ರಬ್ಬರ್, ಸ್ಟೀರಿಂಗ್‌ನ ಹೊಳಪು, ಸೀಟಿನ ಅಂಚು, ಈ ಮೂರನ್ನೇ ನೋಡೋದು.

ಆ ಮಧ್ಯವರ್ತಿ ಈಗ ಫೋನ್ ಎತ್ತಲ್ಲ ಅಂತ ಬೇರೆ ಹೇಳಬೇಕಿಲ್ಲ ತಾನೆ?

ತುಂಗಾತೀರ (ಶಿವಮೊಗ್ಗ)

ಕಾಫಿಸೀಮೆ ಅಕ್ಕ, ಓದಿ ಎದೆ ಧಸಕ್ ಅಂತು. ಅಂಥದ್ದೇ ಬಿಳಿ ಎಟಿಯೋಸ್ ಒಂದು ಇವತ್ತು ಬೆಳಗ್ಗೆ ಫೋನಿನಲ್ಲಿ ಸೇವ್ ಮಾಡಿಟ್ಟಿದ್ದೆ. ತೆಗೆದೆ.

ಶನಿವಾರ ಭದ್ರಾವತಿಯಲ್ಲಿ ಒಂದು ರಿಟ್ಜ್ ನೋಡೋದಿದೆ. 2013, ವಿಎಕ್ಸ್‌ಐ, ಎರಡನೇ ಓನರ್, 2.85 ಕೇಳ್ತಿದ್ದಾರೆ. ಏನೇನು ನೋಡಲಿ?

ಪಾನಾ ಹಿಡಿದಾಂವ (ಹುಬ್ಬಳ್ಳಿ)

ಮುಂಜಾನೆ ಏಳಕ್ಕ ಹೋಗ್ರಿ. ಬರ್ತೇನಿ ಅಂತ ಹೇಳಿದ ಹೊತ್ತಿಗಿಂತ ಅರ್ಧ ತಾಸು ಮೊದಲ ಮುಟ್ರಿ. ಹೋದ ಕೂಡ್ಲೆ ಕೈ ಕುಲುಕೂದ್ಕಿಂತ ಮೊದಲ ಬಾನೆಟ್ ಮ್ಯಾಲ ಅಂಗೈ ಇಡ್ರಿ. ಬಿಸಿ ಇತ್ತಂದ್ರ, ಅಂವಾ ಮೊದಲ ಚಾಲೂ ಮಾಡಿ ಇಟ್ಟಾನ ಅಂತ ತಿಳ್ಕೋರಿ. ತಣ್ಣಗಿನ ಎಂಜಿನ್ ಚಾಲೂ ಆಗೂಮುಂದ ಏನ್ ಸಪ್ಪಳ ಮಾಡ್ತದ, ಎಂಥಾ ಹೊಗಿ ಬಿಡ್ತದ, ಅದನ್ನ ಮುಚ್ಚಿಡೂ ಆಟ ಅದು.

ನೀವು ಹಿಂದ ಸೈಲೆನ್ಸರ್ ಹಂತೇಕ ನಿಂದರ್ರಿ, ಅವರಿಗೆ ಚಾಲೂ ಮಾಡಾಕ ಹೇಳ್ರಿ. ನೀಲಿ ಹೊಗಿ ಬಂದ್ರ ಎಂಜಿನ್ ಆಯಿಲ್ ಸುಡಾಕತ್ತೈತಿ, ಅಲ್ಲಿಂದ ಮನಿಗೆ ನಡೀರಿ. ಬಿಳಿ ಹೊಗಿ ಗಾಡಿ ಬಿಸಿ ಆದ ಮ್ಯಾಲೂ ನಿಂದರದಿದ್ರ ಕೂಲಂಟ್ ಒಳಗ ಹೋಗಾಕತ್ತೈತಿ. ನಿಮ್ಮ ಸ್ಯಾಂಟ್ರೋ ಕಥಿನ ಅದು, ಮತ್ತ ಬ್ಯಾಡ. ಆಯಿಲ್ ಹಾಕೂ ಮುಚ್ಚಳ ತಗದು ಕೆಳಗ ನೋಡ್ರಿ, ಬೆಣ್ಣಿಯಂಗ ಬಿಳೇದು ಹತ್ತಿದ್ರ ಅದೂ ಅದರದ್ದ ಗುರ್ತು.

ಕ್ಲಚ್: ಹ್ಯಾಂಡ್‌ಬ್ರೇಕ್ ಜಗ್ಗಿ ಮೂರನೇ ಗೇರ್ ಹಾಕಿ ಸಾವಕಾಶ ಕ್ಲಚ್ ಬಿಡ್ರಿ. ಎಂಜಿನ್ ಬಂದ್ ಬೀಳಬೇಕು. ಬೀಳದ ಹಂಗ ತಿರಗಾಕತ್ತಿದ್ರ ಕ್ಲಚ್ ಪ್ಲೇಟ್ ಮುಗದೈತಿ. ಟೈರ್ ಬಗಲಿಗೆ ನಾಕ್ ಅಂಕಿ ಇರ್ತಾವ. 2319 ಅಂದ್ರ 2019ರ 23ನೇ ವಾರ ಮಾಡಿದ್ದು. ಸ್ಟೆಪ್ನಿದೂ ನೋಡ್ರಿ, ಯಾರೂ ನೋಡಂಗಿಲ್ಲ.

ಬಾನೆಟ್ ತಗದು ಕೀಲಿನ ಬೋಲ್ಟ್ ನೋಡ್ರಿ. ಪಾನಾ ಹಚ್ಚಿದ್ರ ಬಣ್ಣ ಎದ್ದಿರ್ತದ. ಬಾಗಲದ ರಬ್ಬರ್ ಜಗ್ಗಿ ಕಂಬದ ಮ್ಯಾಲಿನ ಸ್ಪಾಟ್ ವೆಲ್ಡ್ ನೋಡ್ರಿ. ಕಂಪನಿ ವೆಲ್ಡ್ ಬೊಟ್ಟಿನಂಗ ಸಾಲಾಗಿ ದುಂಡಗ ಇರ್ತಾವ. ಕೈಲೆ ಮಾಡಿದ್ದು ಗಂಟಗಂಟ ಇರ್ತದ. ಇವೆರಡೂ ಗಾಡಿ ಗುದ್ದಿ ರಿಪೇರಿ ಆದ ಗುರ್ತು.

ಉಡುಪಿಯವ

ಸೀಟ್ ಬೆಲ್ಟ್ ಪೂರಾ ಕಡೆ ತನಕ ಎಳೀರಿ. ನೀರಲ್ಲಿ ಮುಳುಗಿದ ಗಾಡಿಯಾದ್ರೆ ಬೆಲ್ಟಿನ ಕೊನೆಯಲ್ಲಿ ಕೆಸರಿನ ಗೆರೆ ಕಾಣ್ತದೆ. 2018ರ ಕೊಡಗು, ಕೇರಳದ ನೆರೆ, 2022ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ಮುಳುಗಿದ್ದು, ಆ ಗಾಡಿಗಳೆಲ್ಲ ಎಲ್ಲಿ ಹೋದವು ಅಂತ ಮಾಡಿದ್ದೀರಿ? ಎಲ್ಲಾದ್ರೂ ಮಾರಾಟಕ್ಕೆ ಬರ್ಲೇಬೇಕಲ್ಲ.

ತುಂಗಾತೀರ (ಶಿವಮೊಗ್ಗ)

ಭದ್ರಾವತಿ ವರದಿ. ಆರೂವರೆಗೇ ಮುಟ್ಟಿದೆ. ಬಾನೆಟ್ ಬೆಚ್ಚಗಿತ್ತು! ಚಳಿಯಲ್ಲಿ ನಿಂತ ಗಾಡಿ, ಮೇಲ್ಛಾವಣಿ ತುಂಬ ಇಬ್ಬನಿ, ಬಾನೆಟ್ ಮೇಲೆ ಮಾತ್ರ ಒಣಗಿದ ದುಂಡನೆ ಜಾಗ. ಕೇಳಿದ್ದಕ್ಕೆ "ಈಗ ತಾನೆ ಹಾಲು ತರೋಕೆ ಹೋಗಿದ್ದೆ" ಅಂದ್ರು. ಗಾಡಿ ಹೋಗಿ ಬಂದಿದ್ದರೆ ಇಬ್ಬನಿಯ ನೆಲದ ಮೇಲೆ ಟೈರಿನ ಗುರುತು ಇರಬೇಕಿತ್ತು. ಏನೂ ಮಾತಾಡಲಿಲ್ಲ. ಇನ್ನೊಂದು ವಿಷಯ: ಆರ್‌ಸಿಯಲ್ಲಿ ಹೆಸರು ಇವರದಲ್ಲ, ಮೊದಲ ಓನರ್‌ದೇ ಇದೆ. ಅವರು ಸಹಿ ಹಾಕಿಕೊಟ್ಟ ಖಾಲಿ 29, 30 ಫಾರ್ಮ್ (ಮಾಲೀಕತ್ವ ವರ್ಗಾವಣೆಯವು) ಫೈಲಲ್ಲಿ ಇಟ್ಟುಕೊಂಡಿದ್ದಾರೆ. "ಇದೇ ಸಾಕು, ಎಲ್ಲರೂ ಹೀಗೇ ಮಾಡೋದು" ಅಂದ್ರು. 2.50ಕ್ಕೆ ಇಳಿದರು. ಆ ಬೆಲೆಗೆ ಆಸೆ ಆಯ್ತು ಅಂತ ಒಪ್ಪಿಕೊಳ್ತೀನಿ.

ಲೆಕ್ಕದವ (ಮೈಸೂರು)

ಮೇಷ್ಟ್ರೇ, ಆ ಆಸೆ ಬಿಡಿ. ಹೀಗೇ ಕೈಯಿಂದ ಕೈಗೆ ಹೋದ ಒಂದು ಕಾರಿನ ಅಪಘಾತದ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ. ಅಂದರೆ ಆ ಮೊದಲ ಓನರ್ ಪಾಪ ಇವತ್ತಿಗೂ ಆ ರಿಟ್ಜ್‌ಗೆ ಹೊಣೆ. ನಾಳೆ ಅವರು ತೀರಿಕೊಂಡರೆ, ಅಥವಾ "ಆ ಸಹಿ ನನ್ನದಲ್ಲ" ಅಂದರೆ, ನಿಮ್ಮ ಎರಡೂವರೆ ಲಕ್ಷ ಎಲ್ಲಿ? ಕಾನೂನು ಪ್ರಕಾರ ಮಾರಿದವರು ರಾಜ್ಯದೊಳಗೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಹಾಕಬೇಕು. ಹಳೇ ಗಾಡಿ ವ್ಯಾಪಾರಿಗಳಿಗೂ 2023ರ ಏಪ್ರಿಲ್‌ನಿಂದ ಆರ್‌ಟಿಒ ಅಧಿಕೃತ ಪತ್ರದ ನಿಯಮ ಬಂದಿದೆ, ಇದ್ದರೆ ತೋರಿಸಿ ಅನ್ನಿ.

ಪಾನಾ ಹಿಡಿದಾಂವ (ಹುಬ್ಬಳ್ಳಿ)

ಇಬ್ಬನಿ ನೋಡಿ ಹಿಡದ್ರಿ ನೋಡ್ರಿ, ಶಭಾಷ್. ನಮ್ಮ ಹುಡುಗೂರಿಗೆ ಇದನ್ನ ಹೇಳ್ತೇನಿ.

ತುಂಗಾತೀರ (ಶಿವಮೊಗ್ಗ)

ಎರಡು ವಾರ ಆಯ್ತು, ಐದು ಗಾಡಿ ನೋಡಿದೆ. ಈಗ ಒಂದು ಸಿಕ್ಕಿದೆ ಅನ್ಸುತ್ತೆ. ತೀರ್ಥಹಳ್ಳಿ ಹತ್ತಿರ, ನಿವೃತ್ತ ಬ್ಯಾಂಕ್ ನೌಕರರು, ತೋಟದ ಮನೆ. 2014ರ ವ್ಯಾಗನ್ ಆರ್ ವಿಎಕ್ಸ್‌ಐ, ಕೆಎ 14, ಒಬ್ಬರೇ ಓನರ್, 51,000 ಕಿ.ಮೀ. ಸರ್ವೀಸ್ ಬಿಲ್ಲುಗಳನ್ನು ಪಂಚಾಂಗದ ಜೊತೆ ದಾರ ಕಟ್ಟಿ ಮೊಳೆಗೆ ನೇತುಹಾಕಿದ್ದಾರೆ! ಒಂದೊಂದೇ ತಿರುವಿ ನೋಡಿದೆ, ಕಿ.ಮೀ. ಎಲ್ಲೂ ಹಿಂದೆ ಹೋಗಿಲ್ಲ. ಬಾನೆಟ್ ತಣ್ಣಗೆ. ಸ್ಟಾರ್ಟ್ ಮಾಡಿದರೆ... ಆಗಲೇ ಇಲ್ಲ. ಬ್ಯಾಟರಿ ಸತ್ತಿದೆ, ಮೂರು ತಿಂಗಳಿಂದ ತೆಗೆದಿಲ್ಲ. ಪಕ್ಕದ ಮನೆಯ ಜೀಪಿನಿಂದ ಕೇಬಲ್ ಎಳೆದು ಹಚ್ಚಿದೆವು. ಹೊಗೆ ಇಲ್ಲ, ಸದ್ದು ನಯ. ಏರ್ ಫಿಲ್ಟರ್ ಮುಚ್ಚಳ ತೆಗೆದರೆ ಒಣ ಹುಲ್ಲು, ಅಡಿಕೆ ಸಿಪ್ಪೆ, ಹತ್ತಿ ಚೂರು. ಇಲಿ ಬಾಣಂತನ ಮಾಡಿಕೊಂಡು ಹೋಗಿದೆ. ಒಂದೆರಡು ವೈರ್ ಕೂಡ ಕಡಿದಿದೆ, ಎಸಿ ಓಡ್ತಿಲ್ಲ. ಡಿಕ್ಕಿಯಲ್ಲಿ ಅಡಿಕೆ ಚೊಗರಿನ ಕಲೆ, ಯಾವ ಸೋಪಿಗೂ ಹೋಗಲ್ಲ. ಟೈರ್‌ಗಳಲ್ಲಿ ಗೆರೆ ಇನ್ನೂ ಸವೆದಿಲ್ಲ, ಆದರೆ ಅಂಕಿ 3116.

2.75 ಕೇಳ್ತಿದ್ದಾರೆ. ಕ್ಯಾಶ್ ಕೊಟ್ಟರೆ 10 ಸಾವಿರ ಬಿಡ್ತೀನಿ ಅಂದರು. ಲೆಕ್ಕದವರು ಹೇಳಿದ 2 ಲಕ್ಷದ ನಿಯಮ ಹೇಳಿದೆ. "ಹೌದಲ್ಲ ಮಾರಾಯ್ರೇ, ಮೂವತ್ತು ವರ್ಷ ಕೌಂಟರಿನಲ್ಲಿ ಕೂತು ನನಗೇ ಮರೆತುಹೋಯ್ತು" ಅಂತ ನಕ್ಕು ಕಾಫಿ ಕೊಟ್ಟರು.

ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಬಾಗಿಲು ತೆಗೆದು, ಬೆನ್ನು ತಿರುಗಿಸಿ, ಹಾಗೇ ಕೂತರು. ಯಾರ ಕೈಯನ್ನೂ ಕೇಳಲಿಲ್ಲ.

ಪಾನಾ ಹಿಡಿದಾಂವ (ಹುಬ್ಬಳ್ಳಿ)

2016ರ ಟೈರ್ ಮ್ಯಾಲ ಘಾಟ್ ಇಳೀಬ್ಯಾಡ್ರಿ. ಗೆರಿ ಇದ್ರೇನಾತು, ರಬ್ಬರ್ ಕಲ್ಲಾಗಿರ್ತದ. ನಾಕೂ ಬದಲಿ, 14 ಸಾವಿರದ ಸುತ್ತಮುತ್ತ. ಬ್ಯಾಟರಿ ನಾಕೂವರಿ. ವೈರಿಂಗ್ ಬರೇ ಕಡದಿದ್ದು ಜೋಡಿಸಿದ್ರ ಆತಂದ್ರ ಸಣ್ಣ ಖರ್ಚು. ಆದ್ರ ಎಸಿ ಗ್ಯಾಸ್ ಸುದ್ದಿ ಐತೋ ವೈರ್ ಸುದ್ದಿ ಐತೋ ಮೊದಲ ತಿಳೀಲಿ, ಮಾತುಕತಿ ಆಮ್ಯಾಲ. ಹೊಸ ಸಣ್ಣ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18ಕ್ಕ ಇಳದೈತಿ, ಹಳೇವಕ್ಕೂ ಮೊದಲಿನ ರೇಟ್ ಉಳದಿಲ್ಲ ಅಂತ ಮೆಲ್ಲಕ ಹೇಳ್ರಿ. ಜಗಳ ಮಾಡಬ್ಯಾಡ್ರಿ, ಮನಷ್ಯಾ ಚಲೋ ಇದ್ದಂಗ ಕಾಣ್ತಾರ.

ಕಾಫಿಸೀಮೆ (ಚಿಕ್ಕಮಗಳೂರು)

ಏರ್‌ಬ್ಯಾಗ್ ಇದೆಯಾ ನೋಡಿದ್ರಾ? ಆ ಕಾಲದ ಬಹಳಷ್ಟು ಸಣ್ಣ ಕಾರಿನಲ್ಲಿ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾರದ ಹಾಗೆ ನೋಡೋ ಎಬಿಎಸ್ ಕೂಡ ಕಡ್ಡಾಯ ಆದದ್ದು 2019ರಲ್ಲಿ. ಹೆದರಿಸ್ತಿಲ್ಲ, ಗೊತ್ತಿದ್ದು ತಗೊಳ್ಳಿ ಅಂತ. ಘಾಟಿಯಲ್ಲಿ ಮಳೆ ಬಂದಾಗ ನೆನಪಿರಲಿ.

ಆಮೇಲೆ ಬಾಕಿ ಫೈನ್. ಟ್ರಾಫಿಕ್ ಚಲನ್ ಏನಾದರೂ ಇದೆಯಾ ಅಂತ ನಂಬರ್ ಹಾಕಿ ನೋಡಿಕೊಳ್ಳಿ, ನಂಬರ್ ಪ್ಲೇಟ್ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ಪ್ಲೇಟ್) ಆಗಿದೆಯಾ ಅದನ್ನೂ. 2019ರ ಏಪ್ರಿಲ್‌ಗಿಂತ ಮೊದಲಿನ ಗಾಡಿಗೆ ಓನರೇ ಹಾಕಿಸಿರಬೇಕು.

ತುಂಗಾತೀರ (ಶಿವಮೊಗ್ಗ)

ಏರ್‌ಬ್ಯಾಗ್ ಇಲ್ಲ, ಎಬಿಎಸ್ಸೂ ಇಲ್ಲ. ಯೋಚನೆ ಮಾಡಿದೆ. ಏರ್‌ಬ್ಯಾಗ್ ಇರೋದು ಬೇಕು ಅಂದರೆ ಇನ್ನೂ ಒಂದು ಲಕ್ಷ ಬೇಕು, ಅದು ಇಲ್ಲ. ನಿಧಾನ ಓಡಿಸ್ತೀನಿ ಅಂತ ಸಮಾಧಾನ ಹೇಳಿಕೊಂಡೆ, ಅದು ಪೂರ್ತಿ ಸಮಾಧಾನ ಅಲ್ಲ ಅಂತಲೂ ಗೊತ್ತು.

2.48ಕ್ಕೆ ಮುಗೀತು! ವೈರ್ ಜೋಡಿಸಿದ ಮೇಲೆ ಎಸಿ ತಣ್ಣಗೆ ಬಂತು. ಆದರೆ ಒಂದು ತೊಡಕು: ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ. ಸಾಲ 2017ಕ್ಕೇ ತೀರಿದೆ, ಎನ್‌ಒಸಿ ಪತ್ರವೂ ಇದೆ, ಹೈಪೋಥಿಕೇಷನ್ (ಸಾಲದ ಅಡಮಾನದ ನಮೂದು) ತೆಗೆಸಿಲ್ಲ ಅಷ್ಟೇ. ಬ್ಯಾಂಕ್ ನೌಕರರಾಗಿ!

ಲೆಕ್ಕದವ (ಮೈಸೂರು)

ಹಳೇ ಎನ್‌ಒಸಿ ನಡೆಯಲ್ಲ ಅನ್ನಬಹುದು, ಸಾಮಾನ್ಯವಾಗಿ ಮೂರು ತಿಂಗಳು ಅಂತ ಬರೆದಿರುತ್ತೆ. ಹೊಸ ಎನ್‌ಒಸಿ ಮತ್ತು ಆ ನಮೂದು ತೆಗೆಸಲು ಬ್ಯಾಂಕ್ ಸಹಿ ಮಾಡಿದ ಫಾರ್ಮ್ 35 ಅವರೇ ತರಲಿ. ಅಲ್ಲಿವರೆಗೆ ಪೂರ್ತಿ ಹಣ ಕೊಡಬೇಡಿ. 10 ಸಾವಿರ ಮುಂಗಡ ಕೊಟ್ಟು, ಗಾಡಿ ನಂಬರ್, ಚಾಸಿಸ್ ನಂಬರ್, ಬಾಕಿ ಮೊತ್ತ, ಯಾವ ಕಾಗದ ಬಂದ ಮೇಲೆ ಕೊಡೋದು, ಎಲ್ಲ ಬರೆಸಿ ಇಬ್ಬರೂ ಸಹಿ ಮಾಡಿ.

ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಥರ್ಡ್ ಪಾರ್ಟಿ (ಬೇರೆಯವರಿಗೆ ಆದ ಹಾನಿಯ ವಿಮೆ) ತಾನಾಗೇ ಬರುತ್ತೆ. ನಿಮ್ಮ ಗಾಡಿಗೇ ಪೆಟ್ಟಾದರೆ ಕ್ಲೇಮ್ ಸಿಗೋದು ಹೆಸರು ಬದಲಾದ ಮೇಲೆ. ಕ್ಲೇಮ್ ಮಾಡದ್ದಕ್ಕೆ ಕಂತಿನಲ್ಲಿ ಸಿಗೋ ರಿಯಾಯಿತಿ, ಅಂದರೆ ಅವರ ನೋ ಕ್ಲೇಮ್ ಬೋನಸ್, ಅವರದು, ಗಾಡಿ ಜೊತೆ ಬರಲ್ಲ, ಆ ವ್ಯತ್ಯಾಸ ಕಟ್ಟಬೇಕಾಗುತ್ತೆ. ಒಂದು ಒಳ್ಳೇದು: ಎಂಜಿನ್ 998 ಸಿಸಿ, ಸಾವಿರದೊಳಗೆ, ಹಾಗಾಗಿ ಥರ್ಡ್ ಪಾರ್ಟಿ ಕಂತು 2,094 ಮತ್ತು ಜಿಎಸ್‌ಟಿ. ರಿಟ್ಜ್ ಆಗಿದ್ದರೆ 3,416ರ ಸಾಲಿಗೆ ಬೀಳ್ತಿತ್ತು. ಅವರ ಫಾಸ್ಟ್ಯಾಗ್ ಕಿತ್ತು ಅವರ ಕೈಲೇ ಮುಚ್ಚಿಸಿ, ನಿಮ್ಮದು ಹೊಸದು ಹಾಕಿ.

ಮತ್ತೆ ಸ್ಯಾಂಟ್ರೋ ಏನು ಮಾಡ್ತೀರಿ? ಗುಜರಿಯವರಿಗೆ ಸುಮ್ಮನೆ ತಳ್ಳಿಬಿಡಬೇಡಿ. ಆರ್‌ಸಿ ರದ್ದಾಗದಿದ್ದರೆ ರಿಟ್ಜ್‌ನ ಮೊದಲ ಓನರ್ ಸ್ಥಿತಿಯೇ ನಿಮಗೂ.

ತುಂಗಾತೀರ (ಶಿವಮೊಗ್ಗ)

ತಡವಾಗಿ ಬರೆಯುತ್ತಿದ್ದೇನೆ. ಫಾರ್ಮ್ 35 ಬರಲು ಮೂರು ವಾರ ಹಿಡಿಯಿತು. ಬಂದ ದಿನವೇ ಬಾಕಿ ಆರ್‌ಟಿಜಿಎಸ್ ಮಾಡಿದೆ, ಅವರೇ ಆರ್‌ಟಿಒ ತನಕ ಬಂದು ಸಹಿ ಹಾಕಿದರು. ಮೊನ್ನೆ ಆರ್‌ಸಿ ಕಾರ್ಡ್ ಪೋಸ್ಟಲ್ಲಿ ಬಂತು, ನನ್ನ ಹೆಸರಲ್ಲಿ. ಟೈರ್, ಬ್ಯಾಟರಿ, ಆಯಿಲ್, ಕೂಲಂಟ್, ಮುಂದಿನ ಎರಡು ಲೋವರ್ ಆರ್ಮ್ ಬುಶ್, ಇನ್ಶೂರೆನ್ಸ್, ಆರ್‌ಟಿಒ ಎಲ್ಲ ಸೇರಿ 37,600. ಡಬ್ಬಿಯಲ್ಲಿ ಇನ್ನೂ 14,400 ಇದೆ ಪಾನಾದವರೇ, ಮುಟ್ಟಿಲ್ಲ.

ನಿನ್ನೆ ಮಣಿಪಾಲಕ್ಕೆ ಹೋಗಿ ಬಂದೆವು. ಘಾಟಿ ಹತ್ತುವಾಗ ಸೆಕೆಂಡ್ ಗೇರ್, ಎಸಿ ಬಂದ್, ಕಣ್ಣು ಮುಳ್ಳಿನ ಮೇಲೇ. ಅಲುಗಲಿಲ್ಲ. ಸ್ಯಾಂಟ್ರೋ ನಿಂತ ಕಟ್ಟೆ ಬಂದಾಗ ಅಪ್ಪ ಔಷಧಿ ಚೀಲ ಮಡಿಲಿಗೆ ಎಳೆದುಕೊಂಡರು. ಆಮೇಲೆ ಸೋಮೇಶ್ವರದಿಂದ ಸುಮ್ಮನಿದ್ದವರು ಬಾಯಿಬಿಟ್ಟು "ಹಾರ್ನ್ ನಮ್ಮ ಸ್ಯಾಂಟ್ರೋದಷ್ಟು ಚೆನ್ನಾಗಿಲ್ಲ" ಅಂದರು.

ಇಲಿಗೆ ಏನು ಮಾಡೋದು ಯಾರಾದರೂ ಹೇಳಿ. ತಂಬಾಕಿನ ಎಲೆ ಇಟ್ಟಿದ್ದೇನೆ, ಇಲಿಗಿಂತ ನಮಗೇ ಸೀನು ಬರ್ತಿದೆ.

ಪಾನಾ ಹಿಡಿದಾಂವ (ಹುಬ್ಬಳ್ಳಿ)

ದಿನಾ ಓಡಸ್ರಿ, ಇಲಿ ಬರಂಗಿಲ್ಲ. ರಾತ್ರಿ ಬಾನೆಟ್ ತಗದು ಇಡ್ರಿ, ಕತ್ತಲ ಇರದಿದ್ರ ಗೂಡು ಕಟ್ಟೂದು ಕಮ್ಮಿ.

ಹೊಸನಗರದ ಹುಡುಗ

ಸಾರ್, ಇಷ್ಟು ದಿನ ಓದ್ತಾ ಇದ್ದೆ, ಬರೆದಿರಲಿಲ್ಲ. ನಂದೂ ಸ್ಯಾಂಟ್ರೋ, 2009. ನಿಮ್ಮದನ್ನ ಇನ್ನೂ ಗುಜರಿಗೆ ಕೊಟ್ಟಿಲ್ಲ ಅಂದ್ರೆ ಎಡಗಡೆ ಹೆಡ್‌ಲೈಟ್ ಚೆನ್ನಾಗಿದೆಯಾ?

ತುಂಗಾತೀರ (ಶಿವಮೊಗ್ಗ)

ಆರ್‌ಸಿ ರದ್ದಿಗೆ ಅರ್ಜಿ ಹಾಕಿದ್ದೇನೆ, ಗಾಡಿ ಇನ್ನೂ ಅಂಗಳದಲ್ಲಿದೆ. ಹೆಡ್‌ಲೈಟ್ ಚೆನ್ನಾಗಿದೆ. ಭಾನುವಾರ ಬಂದು ಬಿಚ್ಚಿಕೊಂಡು ಹೋಗಿ, ಸ್ಪ್ಯಾನರ್ ನೀವೇ ತನ್ನಿ. ಹಾರ್ನ್ ಮಾತ್ರ ಕೇಳಬೇಡಿ, ಅದನ್ನ ಅಪ್ಪ ಆಗಲೇ ಬಿಚ್ಚಿಸಿ ಇಟ್ಟುಕೊಂಡಿದ್ದಾರೆ.